ಆಣೆ ಪುಸ್ತಕ

ಜನವರಿ 9

ತಮ್ಮನಿಗೆ ಅಕ್ಕನ ಆಶೀರ್ವಾದ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬಯ್ಯಲು ಬರೆದದ್ದಲ್ಲ, ಕೊನೆಯವರೆಗೂ ಓದು. ಕ್ಷೇಮವೇ ಎಂದು ಕೇಳುವುದಿಲ್ಲ. ಕೇಳಿದರೆ ಹೂಂ ಎನ್ನುವವನು ನೀನು.

ವಿಳಾಸ ಹೇಗೆ ಸಿಕ್ಕಿತು ಎಂದು ಗಾಬರಿಯಾಗಬೇಡ. ನಮ್ಮ ಬೀದಿಯ ಔಷಧಿ ಅಂಗಡಿಗೆ ಹೊಸ ಬೋರ್ಡು ಬಂತು. ಅಕ್ಷರದ ಹೊಟ್ಟೆಯನ್ನು ಅಷ್ಟು ದುಂಡಗೆ ಬರೆಯುವವನು ಈ ಭೂಮಿಯ ಮೇಲೆ ಒಬ್ಬನೇ. ಮೂಲೆಯಲ್ಲಿ ಬೋರ್ಡು ಬರೆದ ಅಂಗಡಿಯ ವಿಳಾಸ ಇರುವೆ ಗಾತ್ರದಲ್ಲಿತ್ತು. ನಿನ್ನ ಭಾವನನ್ನು ಏಣಿ ಹತ್ತಿಸಿ ಓದಿಸಿದೆ. "ಅರವತ್ತು ಮುಟ್ಟೋ ಹೊತ್ತಿಗೆ ಏಣಿ ಹತ್ತಿಸ್ತೀಯಲ್ಲೇ, ಬಿದ್ರೆ ನಿನ್ನ ವಾರ್ಡಲ್ಲೇ ಹಾಸಿಗೆ ಕೊಡಿಸ್ತೀಯಾ?" ಎಂದರು. "ನಮ್ಮಲ್ಲಿ ಕುಡಿದು ಬಿದ್ದೋರಿಗೆ ಮಾತ್ರ, ಸುಮ್ನೆ ಬಿದ್ದೋರಿಗಿಲ್ಲ" ಎಂದೆ. ಬರೆದ ಮೇಲೆ ಈ ಮಾತು ನಿನಗೆ ಚುಚ್ಚಬಹುದು ಅನ್ನಿಸಿತು. ಆದರೆ ಹೊಡೆದು ಹಾಕುವುದಿಲ್ಲ. ನಾವಿಬ್ಬರೂ ನಗುತ್ತಿದ್ದ ಕಾಲ ಇತ್ತಲ್ಲ.

ಈಗ ಸುದ್ದಿ ಕೇಳು. ಹದಿನೆಂಟು ವರ್ಷ ನಾನು ಆಯಾ ಆಗಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ, ಕುಡಿತ ಬಿಡಿಸುವ ವಾರ್ಡು ಮತ್ತೆ ತೆರೆಯುತ್ತದೆ! ಕೊರೋನ ಬಂದಾಗ ಒಂದೇ ಮಧ್ಯಾಹ್ನ ನಲವತ್ತೆರಡು ಜನರನ್ನು ಮನೆಗೆ ಕಳಿಸಿ ಆ ಹಾಸಿಗೆಗಳನ್ನು ಉಸಿರಾಟದ ರೋಗಿಗಳಿಗೆ ಕೊಟ್ಟರು. ಆಮೇಲೆ ಅದು ಮುರಿದ ಮಂಚ ತುಂಬುವ ಕೋಣೆಯಾಗಿತ್ತು. ಈಗ ಹೊಸ ಡಾಕ್ಟರಮ್ಮ ಬಂದಿದ್ದಾರೆ. ನೋಡಲು ಕಾಲೇಜು ಹುಡುಗಿಯ ಹಾಗೆ, ಮಾತು ಮಾತ್ರ ಅಜ್ಜಿಯ ಹಾಗೆ. "ಹಳೇದಕ್ಕೇ ಬಣ್ಣ ಹೊಡೆದು ತೆರೆಯೋದಾದ್ರೆ ನಾನು ಬೇಡ. ಆ ಎರಡು ವರ್ಷದಲ್ಲಿ ಎಷ್ಟು ಜನ ಮನೆಯೊಳಗೇ ಕೊರಗಿದ್ರು, ಎಷ್ಟು ಜನ ಹೊಸದಾಗಿ ಬಾಟ್ಲಿ ಹಿಡಿದ್ರು! ಅವರೆಲ್ಲ ಬರೋ ಹಾಗೆ ಮಾಡೋಣ" ಎಂದರಂತೆ ಸೂಪರಿಂಟೆಂಡೆಂಟರಿಗೆ. ಮುಂದಿನ ತಿಂಗಳು ಸಭೆ. ಕಸ ಗುಡಿಸುವವರೂ ಬಂದು ಅಭಿಪ್ರಾಯ ಹೇಳಬೇಕಂತೆ. ನನಗೂ ಕುರ್ಚಿ ಇದೆ!

ಹೊಸ ಜಾಗಕ್ಕೆ ಬೋರ್ಡು ಬರೆಯಬೇಕು. ನೀನು ಬಂದು ಬರೆಯುತ್ತೀಯಾ?

ನಿನ್ನ ಅಕ್ಕ

*

ಜನವರಿ 30

ಅಕ್ಕನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಕೆಲಸ ಬಹಳ. ಶಾಲೆಯ ಗೋಡೆಯೊಂದನ್ನು ಬರೆಯುತ್ತಿದ್ದೇವೆ, ಮುಗಿಯಲು ತಿಂಗಳುಗಳಾಗುತ್ತವೆ. ಬೋರ್ಡಿಗೆ ಬೇರೆಯವರನ್ನು ನೋಡಿ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಎರಡನೆಯ ಸಾಲು ನೋಡಿದೆಯಾ? ಅದು ನನ್ನದಲ್ಲ, ಯಜಮಾನರೇ ಬರೆದದ್ದು.

ಫೋನು ಇಟ್ಟುಕೊಂಡಿಲ್ಲ. ಇದ್ದರೆ ಹಳೇ ದೋಸ್ತುಗಳು ಕರೆಯುತ್ತಾರೆ. ಕಾಗದ ಬರಿ, ಓದುತ್ತೇನೆ. ಹುಡುಕಿಕೊಂಡು ಮಾತ್ರ ಬರಬೇಡ.

ಭಾವನನ್ನು ಏಣಿಯಿಂದ ಇಳಿಸಿದೆಯೋ ಇಲ್ಲವೋ?

ತಮ್ಮ

*

ಫೆಬ್ರವರಿ 12

ತಮ್ಮಾ,

ಇಳಿಸಿದೆ. ಆದರೆ ಆ ಎರಡನೆಯ ಸಾಲಿನ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಒಂದೇ ಉಸಿರಿಗೆ ಇಡೀ ಬೋರ್ಡು ಮುಗಿಸುತ್ತಿದ್ದ ಕೈ ಒಂದೇ ಸಾಲಿಗೆ ಯಾಕೆ ನಿಂತಿತು ಎಂದು ನಾನು ಕೇಳುವುದಿಲ್ಲ.

ಸಭೆ ಆಯಿತು! ಉದ್ದ ಮೇಜು, ಪ್ರತಿಯೊಬ್ಬರ ಮುಂದೆ ನೀರಿನ ಲೋಟ, ನನ್ನ ಹೆಸರಿನ ಚೀಟಿ. ನಾನು ಸೀರೆಯ ನೆರಿಗೆ ಹಿಡಿದುಕೊಂಡೇ ಕೂತಿದ್ದೆ. ಡಾಕ್ಟರಮ್ಮ ಎಲ್ಲರ ಮುಂದೆ ಹೇಳಿದರು: "ಕೊರೋನ ಕಾಲದಲ್ಲಿ ಈ ಆಸ್ಪತ್ರೆಯಲ್ಲಿ ಕುಡಿತದವರಿಗೆ ಚಿಕಿತ್ಸೆ ಕೊಟ್ಟಿದ್ದು ಒಬ್ಬರೇ. ಅದು ಬೀಗದಮ್ಮ." ನನ್ನನ್ನೇ! ವಾರ್ಡಿನ ಕೆಲಸ ಮುಗಿಸಿ ಮೆಟ್ಟಿಲ ಮೇಲೆ ಕೂತು, ಮನೆಗೆ ಕಳಿಸಿದ್ದ ಆ ನಲವತ್ತೆರಡು ಜನಕ್ಕೆ ದಿನಾ ಫೋನು ಮಾಡುತ್ತಿದ್ದೆನಲ್ಲ, ಅದು ಅವರ ಕಿವಿಗೆ ಬಿದ್ದಿದೆ. ನಾನು ಕುಡಿತದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಸ್ನಾನ ಆಯ್ತಾ, ಹೊರಗೆ ಬಿಸಿಲಿದೆಯಾ, ಹೆಂಡತಿ ಮಾತಾಡಿದ್ಲಾ, ಇಷ್ಟೇ. ಅವರೇ ಹೇಳಿಕೊಳ್ಳುತ್ತಿದ್ದರು: "ಅಮ್ಮಾ, ನಿನ್ನೆ ತಪ್ಪಾಯ್ತು." ಅವರಲ್ಲಿ ಮೂವತ್ತು ಜನ ಇವತ್ತಿಗೂ ಫೋನು ಎತ್ತುತ್ತಾರೆ.

ಹೊಗಳಿದ್ದೇ ತಡ, ನನಗೆ ರೆಕ್ಕೆ ಬಂತು. ಚೀಲದಿಂದ ನನ್ನ ಆಣೆ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚುವ ಮುಂಚಿನ ಎರಡು ವರ್ಷ ವಾರ್ಡಿನಿಂದ ಬಿಡುಗಡೆಯಾದ ಪ್ರತಿಯೊಬ್ಬನ ಕೈಯನ್ನೂ ದೇವರ ಪಟದ ಮೇಲೆ ಇಡಿಸಿ, "ಇನ್ನು ಮುಟ್ಟೋದಿಲ್ಲ" ಎಂದು ಆಣೆ ಮಾಡಿಸಿ, ಸಹಿಯನ್ನೂ ಫೋನ್ ನಂಬರನ್ನೂ ಬರೆಸಿಕೊಂಡ ಪುಸ್ತಕ. ಕೊನೆಯ ಸಹಿ ನಿನ್ನದೇ. ನೀನು ವಾರ್ಡಿನವನಲ್ಲದಿದ್ದರೂ ಮನೆಯಲ್ಲೇ ಮಾಡಿಸಿದೆನಲ್ಲ. "ಹೊಸ ಜಾಗದಲ್ಲೂ ಇದು ಇರಲಿ. ಒಬ್ಬನೂ ಆಣೆ ಹಾಕದೆ ಹೊರಗೆ ಹೋಗಬಾರದು" ಎಂದೆ.

ಡಾಕ್ಟರಮ್ಮ ಪುಟ ತಿರುವಿದರು. "ಇವರಲ್ಲಿ ಮತ್ತೆ ಕುಡಿದೆ ಅಂತ ನಿಮ್ಮ ಹತ್ರ ಬಂದು ಹೇಳಿದೋರು ಎಷ್ಟು ಜನ?"

"ಒಬ್ಬನೂ ಇಲ್ಲ!" ಎಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು.

"ಒಬ್ಬನೂ ಕುಡಿದಿಲ್ಲ ಅಂತಾನಾ ಅಮ್ಮಾ, ಒಬ್ಬನೂ ಹೇಳಿಲ್ಲ ಅಂತಾನಾ?"

ನನಗೆ ರೇಗಿತು. ದೇವರ ಮೇಲಿನ ಆಣೆಯನ್ನೂ ರಕ್ತಪರೀಕ್ಷೆ ಮಾಡುತ್ತಾಳಲ್ಲ ಈ ಹುಡುಗಿ ಎಂದು. ಆದರೆ ಅಲ್ಲೇ ಹೇಳಿ ಬಂದೆ: ಪುಸ್ತಕದಲ್ಲಿರುವ ನೂರ ಎಂಬತ್ತಾರು ಜನಕ್ಕೂ ಫೋನು ಮಾಡಿ ಲೆಕ್ಕ ಕೊಡುತ್ತೇನೆ, ನೋಡಿ ಎಂದು. ಗೆಲ್ಲುತ್ತೇನೆ ಕಣೋ! ನಾಳೆಯಿಂದಲೇ ಶುರು.

ಅಕ್ಕ

*

ಮಾರ್ಚ್ 4

ತಮ್ಮಾ,

ನಿನ್ನ ಉತ್ತರ ಬರಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಸೋತೆ. ನೂರ ಎಂಬತ್ತಾರರಲ್ಲಿ ಎಪ್ಪತ್ತು ನಂಬರು ಈಗ ಇಲ್ಲವೇ ಇಲ್ಲ. ಉಳಿದವರಲ್ಲಿ ಕೆಲವರು ಚೆನ್ನಾಗಿದ್ದಾರೆ, ದೇವರು ದೊಡ್ಡವನು. ಆದರೆ ಬಹಳ ಜನ "ನಾನು ಬೀಗದಮ್ಮ" ಎಂದ ತಕ್ಷಣ ಇಟ್ಟುಬಿಟ್ಟರು. ಒಬ್ಬ ತನ್ನ ದನಿಯನ್ನೇ ಬದಲಾಯಿಸಿ "ಅವರು ಊರಲ್ಲಿಲ್ಲ" ಎಂದ. ಹಿಂದಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನಲ್ಲಿ ರಿಪೇರಿಯವನೊಬ್ಬನಿದ್ದ, ವಾರ್ಡಿನಲ್ಲಿದ್ದಷ್ಟು ದಿನ ನನ್ನನ್ನು ಅವ್ವ ಎಂದೇ ಕರೆಯುತ್ತಿದ್ದ. ಅವನ ಹೆಂಡತಿ ಫೋನು ಎತ್ತಿದಳು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಮೊದಲು ಮೂರು ಸಲ ಕುಡಿದಾಗಲೂ ತಾವಾಗೇ ನಿಮ್ಮ ಹತ್ರ ಬಂದ್ರು. ಆ ಆಣೆ ಆದ ಮೇಲೆ ಕುಡಿದಾಗ ಬರಲಿಲ್ಲ. ಆಸ್ಪತ್ರೆ ಬೀದೀಲಿ ನಲ್ಲಿ ಕೆಟ್ರೂ ಕೆಲಸ ಒಪ್ಪಿಕೊಳ್ತಿರಲಿಲ್ಲ" ಎಂದಳು. "ಈಗ ಎಲ್ಲಿದ್ದಾನೆ, ಕೊಡು" ಎಂದೆ. "ಹೋಗಿ ಎರಡು ವರ್ಷ ಆಯ್ತಮ್ಮ" ಎಂದಳು.

ಆ ನಲವತ್ತೆರಡು ಜನ ಒಂದೇ ಮಧ್ಯಾಹ್ನದಲ್ಲಿ ಹೋದವರು. ಅವತ್ತು ಆಣೆ ಹಾಕಿಸಲು ನನಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಅಯ್ಯೋ ಅವರನ್ನು ಹಾಗೇ ಕಳಿಸಿಬಿಟ್ಟೆನಲ್ಲ ಎಂದು ಎಷ್ಟು ದಿನ ಅತ್ತಿದ್ದೆ. ಈಗ ನೋಡಿದರೆ ನನ್ನ ಜೊತೆ ಮಾತಾಡುವವರು ಅವರೇ.

ಇದನ್ನು ಡಾಕ್ಟರಮ್ಮನಿಗೆ ಹೇಳುವ ಮೊದಲು ನಿನ್ನನ್ನು ಕೇಳಬೇಕು. ಆ ವರ್ಷ ಸಾರಾಯಿ ಅಂಗಡಿ ಮುಚ್ಚಿದಾಗ ದೇವರೇ ಬೀಗ ಹಾಕಿದ ಎಂದು ಕುಣಿದಾಡಿದೆ. ನಿನಗೆ ಆಣೆ ಹಾಕಿಸಿದೆ. ಮೂರನೆಯ ದಿನ ನೀನು ಫಿಟ್ಸ್ ಬಂದು ಬಿದ್ದೆ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ದೇಹ ಹಾಗೆ ತಿರುಗಿ ಬೀಳುತ್ತದೆ, ಔಷಧಿ ಕೊಟ್ಟು ಇಳಿಸಬೇಕು ಎಂದು ಅಷ್ಟು ವರ್ಷ ಆ ವಾರ್ಡಿನಲ್ಲಿದ್ದ ನನಗೇ ಅವತ್ತು ಹೊಳೆಯಲಿಲ್ಲ. ನನ್ನ ಆಸ್ಪತ್ರೆಯಲ್ಲೇ ನಿನಗೊಂದು ಹಾಸಿಗೆ ಸಿಗಲಿಲ್ಲ. ಆ ಸಿಟ್ಟಿಗೇ ನೀನು ಮನೆ ಬಿಟ್ಟೆ ಎಂದುಕೊಂಡಿದ್ದೆ.

ಅದಕ್ಕೇನಾ? ಇಲ್ಲ ಈ ಆಣೆಗಾ?

ಅಕ್ಕ

*

ಮಾರ್ಚ್ 21

ಅಕ್ಕಾ,

ಮೂರು ಸಲ ಬರೆದು ಹರಿದೆ.

ಹಾಸಿಗೆ ಸಿಗಲಿಲ್ಲವೆಂದು ಸಿಟ್ಟೇ? ಹುಚ್ಚಿ. ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ನಾನು ಕಿರುಚಿದಾಗ, ನೀನು ಒದ್ದೆ ಬಟ್ಟೆ ತಂದು ಇಲ್ಲದ ಇರುವೆಗಳನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಒರೆಸಿದೆ. "ಈ ಕಡೆ ಇನ್ನೂ ನಾಲ್ಕಿವೆ" ಎಂದರೆ ಆ ಕಡೆಗೂ ಹೋದೆ. ಅಂಥವಳ ಮೇಲೆ ಸಿಟ್ಟು ಹೇಗೆ ಬರುತ್ತದೆ?

ಸಾರಾಯಿ ಅಂಗಡಿ ಮತ್ತೆ ತೆರೆದ ದಿನ ಸಾಲಿನಲ್ಲಿ ನಿಂತೆ. ಮುಖಕ್ಕೆ ಮಾಸ್ಕ್ ಇತ್ತು, ಗುರುತು ಸಿಗುವುದಿಲ್ಲ ಎಂಬ ಧೈರ್ಯ. ಒಂದೇ ಲೋಟ. ಬೀದಿಯ ತಿರುವಿಗೆ ಬಂದರೆ ನೀನು ಮಹಡಿಯ ಮೇಲೆ ದೇವರ ಹಾಡು ಹೇಳುತ್ತ ಬಟ್ಟೆ ಹರವುತ್ತಿದ್ದೆ. ಕೈಯಲ್ಲಿದ್ದದ್ದು ನನ್ನ ಅಂಗಿ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಪೊರಕೆ ತೆಗೆದುಕೊಂಡಿದ್ದರೂ ಸರಿಯೆ. ಆದರೆ ನಾನು ಮುರಿದದ್ದು ನಿನಗೆ ಕೊಟ್ಟ ಮಾತಲ್ಲ, ನಿನ್ನ ದೇವರ ಮೇಲಿನ ಆಣೆ. ಅದಕ್ಕೆ ಏನೆಂದು ಕ್ಷಮೆ ಕೇಳಲಿ, ಯಾರನ್ನು ಕೇಳಲಿ? ತಿರುವಿನಿಂದ ಹಾಗೇ ಹಿಂದಕ್ಕೆ ನಡೆದೆ.

ಇನ್ನೊಂದು ಹೇಳಿಬಿಡುತ್ತೇನೆ. ಹೋದ ವರ್ಷ ನಿಮ್ಮ ಆಸ್ಪತ್ರೆಗೆ ಬಂದಿದ್ದೆ. ಸಾಲಿನಲ್ಲಿ ನಿಂತು ಚೀಟಿ ಮಾಡಿಸಿದೆ. ನನ್ನ ಮುಂದೆ ಇನ್ನು ಇಬ್ಬರೇ ಇದ್ದರು. ಆಗ ನಿನ್ನ ಬೀಗದ ಕೈ ಸದ್ದು ಕೇಳಿತು. ಕಂಬದ ಹಿಂದೆ ನಿಂತೆ. ನೀನು ದಾಟಿ ಹೋದ ಮೇಲೆ ಚೀಟಿ ಮಡಚಿ ಬಸ್ಸು ಹತ್ತಿದೆ.

ಚೆನ್ನಾಗಿದ್ದೇನೆ ಎಂದು ಬರೆದದ್ದು ಸುಳ್ಳು. ಬೆಳಿಗ್ಗೆ ಲೋಟ ಇಳಿಯದಿದ್ದರೆ ಕುಂಚ ನಿಲ್ಲುವುದಿಲ್ಲ. ಇಳಿದರೂ ಈಗ ಒಂದೇ ಸಾಲು. ಕಣ್ಣಿನ ಬಿಳುಪು ಹಳದಿಯಾಗಿದೆ. ಇಲ್ಲಿನ ಡಾಕ್ಟರು ಲಿವರ್ ಕೆಡುತ್ತಿದೆ, ಹೀಗೇ ನಡೆದರೆ ಮುಂದಿನ ವರ್ಷ ನೋಡುವುದಿಲ್ಲ ಎಂದರು.

ಭಾವನಿಗೆ ಹೇಳಬೇಡ. ಹೇಳಿದರೂ ಪರವಾಗಿಲ್ಲ.

ತಮ್ಮ

*

ಮಾರ್ಚ್ 27

ನನ್ನಪ್ಪಾ, ನನ್ನ ಕಂದಾ,

ಕಾಗದವನ್ನು ಬಾಗಿಲಲ್ಲಿ ನಿಂತೇ ಓದಿದೆ. ಹೊಸ್ತಿಲ ಮೇಲೆ ಕೂತು ಇನ್ನೊಮ್ಮೆ ಓದಿದೆ. ಕಂಬದ ಹಿಂದೆ ನಿಂತೆ ಅಂದೆಯಲ್ಲ, ಆ ಕಂಬಕ್ಕೆ ಒರಗಿ ನಾನು ದಿನಾ ಚಹಾ ಕುಡಿಯುತ್ತೇನೆ ಕಣೋ. ನಿನ್ನ ಭಾವ ಏನಾಯ್ತು ಎಂದು ಓಡಿ ಬಂದರು. ಕಾಗದವನ್ನೇ ಕೊಟ್ಟೆ. ಓದಿ, ಕನ್ನಡಕ ಒರೆಸಿ, "ಅಳೋದು ಆಮೇಲೆ. ಮೊದಲು ಏನು ಮಾಡ್ತೀಯ ಹೇಳು" ಎಂದರು. ಒಮ್ಮೊಮ್ಮೆ ಆ ಮನುಷ್ಯನ ಬಾಯಲ್ಲೂ ಒಳ್ಳೆ ಮಾತು ಬರುತ್ತದೆ.

ಏನು ಮಾಡಿದೆ ಕೇಳು. ದೇವರ ಪಟದ ಮುಂದೆ ಹೋಗಿ ನಿಂತೆ. "ಸ್ವಾಮೀ, ಎರಡು ವರ್ಷ ನಿನ್ನನ್ನ ನಮ್ಮ ಗೇಟಿಗೆ ಕಾವಲುಗಾರನ ಹಾಗೆ ನಿಲ್ಲಿಸಿದ್ದೆ. ನಿನಗೂ ಕಾಲು ನೋವು ಬಂದಿರಬೇಕು. ತಪ್ಪು ನಂದು. ಆ ನೂರ ಎಂಬತ್ತಾರು ಆಣೆಯನ್ನೂ ನಾನೇ ಹಿಂದಕ್ಕೆ ತಗೊಂಡಿದ್ದೀನಿ. ಮುರಿದ ಪಾಪ ಏನಾದ್ರೂ ಇದ್ರೆ ನನ್ನ ತಲೆ ಮೇಲೆ ಹಾಕು" ಎಂದೆ. ಜೋರಾಗೇ ಹೇಳಿದೆ. ಪಕ್ಕದ ಮನೆಯಾಕೆ ಕಿಟಕಿ ತೆರೆದಳು. ಹೇಳಿ ಮುಗಿಸಿದ ಮೇಲೆ ಹೊಟ್ಟೆ ತಣ್ಣಗಾಯಿತು. ದೇವರು ಬೇಡ ಎಂದಿದ್ದರೆ ನನಗೆ ಗೊತ್ತಾಗುತ್ತಿತ್ತು. ಹಾಗಾಗಿ ನಿನ್ನ ಮೇಲೆ ಈಗ ಯಾವ ಆಣೆಯೂ ಇಲ್ಲ. ತಿಳಿಯಿತೇ?

ನಿನ್ನೆ ಎರಡನೆಯ ಸಭೆ. ಈ ಸಲ ಸೀರೆಯ ನೆರಿಗೆ ಹಿಡಿಯಲಿಲ್ಲ. ಎದ್ದು ನಿಂತು ನಾನೇ ಹೇಳಿದೆ, ಡಾಕ್ಟರಮ್ಮ ಕೇಳಿದ್ದೇ ಸರಿ, ಯಾರೂ ಹೇಳಿಲ್ಲ, ಹೇಳಲು ನಾನೇ ಬಿಡಲಿಲ್ಲ, ಆಣೆ ನಿಲ್ಲಿಸಿ ಎಂದು. ನಲ್ಲಿ ರಿಪೇರಿಯವನ ಸುದ್ದಿಯನ್ನೂ ಹೇಳಿದೆ. ನಿನ್ನದು ಹೇಳಲಿಲ್ಲ, ಅದು ನಿನ್ನದು. ಆಮೇಲೆ ಹಳೆಯ ನಿಯಮದ ಮಾತು ಬಂತು, ಕುಡಿದು ಬಂದವನನ್ನು ಗೇಟಿನಿಂದಲೇ ಕಳಿಸುವುದು. ಡಾಕ್ಟರಮ್ಮ ಅದು ಬೇಡ ಎಂದರು. ಸೂಪರಿಂಟೆಂಡೆಂಟರು ಮೇಜು ಕುಟ್ಟಿದರು.

"ಕುಡಿದು ಬಂದೋರನ್ನೂ ಒಳಗೆ ಬಿಟ್ರೆ ಇದು ಆಸ್ಪತ್ರೆಯೋ ಧರ್ಮಛತ್ರವೋ?"

ನನ್ನ ಬಾಯಿ ಗೊತ್ತಲ್ಲ. "ಸಾರ್, ಸಕ್ಕರೆ ಕಾಯಿಲೆಯೋರು ಸಿಹಿ ತಿಂದು ಬಂದ್ರೆ ಗೇಟಲ್ಲಿ ಬಾಯಿ ಮೂಸಿ ನೋಡ್ತೀರಾ?"

ಹೆಡ್ ನರ್ಸು ಕೆಮ್ಮಿದ ಹಾಗೆ ಮಾಡಿ ನಕ್ಕರು. ಸೂಪರಿಂಟೆಂಡೆಂಟರಿಗೇ ಸಕ್ಕರೆ ಕಾಯಿಲೆ ಇದೆ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ! ಲೋಟದ ನೀರನ್ನು ಪೂರ್ತಿ ಕುಡಿದು, "ಆರು ತಿಂಗಳು ಮಾಡಿ ನೋಡಿ" ಎಂದರು.

ಒಪ್ಪಿದರು ಕಣೋ, ಒಪ್ಪಿದರು! ನೆಲ ಅಂತಸ್ತಿನಲ್ಲಿ ದೊಡ್ಡ ಕೋಣೆ, ಬೀಗವಿಲ್ಲ. ಬೆಳಿಗ್ಗೆ ಬಂದು, ಔಷಧಿ ತೆಗೆದುಕೊಂಡು, ಮಾತಾಡಿ ಮನೆಗೆ ಹೋಗುವವರು ಹೋಗಬಹುದು. ನಿನ್ನ ಹಾಗೆ ದೇಹ ಸೋತವರಿಗೆ ಎಂಟು ಹಾಸಿಗೆ. ಮನಸ್ಸು ಕುಗ್ಗಿದವರೂ ನಿದ್ದೆ ಬಾರದವರೂ ಅದೇ ಬಾಗಿಲಿನಿಂದ ಬರುತ್ತಾರೆ, ಯಾರು ಯಾತಕ್ಕೆ ಬಂದರೆಂದು ನೋಡುವವರಿಗೆ ತಿಳಿಯುವುದಿಲ್ಲ. ಬಾಗಿಲಲ್ಲಿ ಕೂರುವ ಕೆಲಸ, ಕುಡಿತ ಬಿಟ್ಟು ಗೆದ್ದವರೊಬ್ಬರಿಗೂ ನನಗೂ. ಮಧ್ಯಾಹ್ನ ಒಂದು ಗಂಟೆ ಹೊತ್ತು ಫೋನಿಗೆ. ಪುಸ್ತಕದಲ್ಲಿರುವ ಒಬ್ಬೊಬ್ಬರನ್ನೂ ಕರೆದು "ಆಣೆ ಹಿಂದಕ್ಕೆ ತಗೊಂಡಿದ್ದೀನಪ್ಪಾ, ಕುಡಿದಿದ್ರೂ ಬಾ" ಎನ್ನುತ್ತಿದ್ದೇನೆ. ಅವತ್ತು ಊರಲ್ಲಿಲ್ಲ ಎಂದವನು ಇವತ್ತು ತನ್ನ ದನಿಯಲ್ಲೇ ಮಾತಾಡಿದ!

ಏಪ್ರಿಲ್ ಹದಿನೈದಕ್ಕೆ ತೆರೆಯುತ್ತದೆ. ಬಾ. ಬರುವ ಹಟಕ್ಕೆ ಒಮ್ಮೆಲೇ ಮಾತ್ರ ನಿಲ್ಲಿಸಬೇಡ, ದಾರಿಯಲ್ಲಿ ಫಿಟ್ಸ್ ಬಂದೀತು. ಯಾರಿಗೆಂದು ಹೇಳದೆ ಡಾಕ್ಟರಮ್ಮನನ್ನು ಕೇಳಿದೆ, ಖಡಾಖಂಡಿತವಾಗಿ ಬರೆ ಎಂದಿದ್ದಾರೆ. ಹೇಗಿದ್ದೀಯೋ ಹಾಗೇ ಬಾ. ನನ್ನ ಮುಖವೇ ಅಡ್ಡಿ ಎನಿಸಿದರೆ ಹೇಳು, ಬಾಗಿಲು ಬಿಟ್ಟು ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗುತ್ತೇನೆ. ಕಟ್ಟಡದ ಹಿಂದಿದೆ ಅದು. ನೀನು ಬಂದು ಹೋದದ್ದೂ ನನಗೆ ಕಾಣುವುದಿಲ್ಲ.

ಅಕ್ಕ

*

ಏಪ್ರಿಲ್ 16

ತಮ್ಮಾ,

ನಿನ್ನೆ ತೆರೆಯಿತು. ರಿಬ್ಬನ್ನೂ ಇಲ್ಲ, ಭಾಷಣವೂ ಇಲ್ಲ. ಎಂಟು ಗಂಟೆಗೆ ಬಾಗಿಲು ದೂಡಿದೆವು, ಅಷ್ಟೇ. ಒಂಬತ್ತರವರೆಗೆ ನೊಣವೂ ಬರಲಿಲ್ಲ. ಡಾಕ್ಟರಮ್ಮ ಉಗುರು ಕಚ್ಚತೊಡಗಿದರು. "ಮದುವೆ ಮನೆಗೇ ಜನ ಹೊತ್ತಿಗೆ ಸರಿಯಾಗಿ ಬರೋದಿಲ್ಲ ಡಾಕ್ಟ್ರೇ, ಇಲ್ಲಿಗೆ ಬರ್ತಾರಾ" ಎಂದೆ. ಆಮೇಲೆ ಬಂದರು ನೋಡು! ಮೊದಲು ಒಬ್ಬ ಮೇಷ್ಟ್ರು. ಶಾಲೆ ಮುಚ್ಚಿ, ಮನೆಯಿಂದಲೇ ಪಾಠ ಹೇಳುತ್ತಿದ್ದಾಗ ಕಪ್ಪಿನಲ್ಲಿ ಚಹಾ ಎಂದು ಇದನ್ನು ಹೊಯ್ದುಕೊಳ್ಳಲು ಕಲಿತರಂತೆ. ಆಮೇಲೆ ಒಬ್ಬ ನರ್ಸಮ್ಮ, ಕೊರೋನ ವಾರ್ಡಿನಲ್ಲಿ ನನ್ನ ಜೊತೆಯೇ ಇದ್ದವಳು. ಆಗಿನಿಂದ ಮಾತ್ರೆ ನುಂಗದೆ ಮಲಗಿಲ್ಲ ಎಂದು ನನ್ನ ಹೆಗಲ ಮೇಲೆ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಪುಸ್ತಕದಿಂದ ನಾಲ್ವರು. ಅದರಲ್ಲೊಬ್ಬ ತೂರಾಡುತ್ತಲೇ ಬಂದು, "ಬೀಗದಮ್ಮಾ, ಮುರಿದೆ" ಎಂದ. "ಒಳಗೆ ಬಾ, ಅಂಟಿಸೋಣ" ಎಂದೆ. ಹತ್ತೊಂಬತ್ತು ಜನ ಕಣೋ, ಒಂದೇ ದಿನಕ್ಕೆ!

ನೀನು ಬರಲಿಲ್ಲ. ಬಸ್ಸು ಬರುವ ಹೊತ್ತಿಗೆಲ್ಲ ಎದ್ದು ನೋಡಿದೆ, ಸುಳ್ಳು ಹೇಳುವುದಿಲ್ಲ. ಸಿಟ್ಟಿಲ್ಲ. ನಾಳೆಯೂ ಎಂಟಕ್ಕೇ ತೆರೆಯುತ್ತದೆ, ನಾಡಿದ್ದೂ.

ಬೋರ್ಡು ಇನ್ನೂ ಖಾಲಿ. ಬೇರೆಯವರಿಂದ ಬರೆಸಿ ಎಂದಿದ್ದೆಯಲ್ಲ, ಬರೆಸುತ್ತೇವೆ. ನಿನ್ನನ್ನು ಕರೆಯುತ್ತಿರುವುದು ಅದಕ್ಕಲ್ಲ.

ಅಕ್ಕ

*

ಏಪ್ರಿಲ್ 24, ಬಸ್ ನಿಲ್ದಾಣ

ಅಕ್ಕಾ,

ಹದಿನೈದಕ್ಕೆ ಹೊರಟಿದ್ದೆ. ಚೀಲ ಕಟ್ಟಿ, ಸಾರಾಯಿ ಅಂಗಡಿ ದಾಟುವಾಗ ಕಾಲು ತಿರುಗಿತು. ಎರಡು ದಿನ ಮೇಲೇಳಲಿಲ್ಲ. ನಿನ್ನೆಯೂ ಕುಡಿದೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಮಾತಿನಂತೆ ಒಮ್ಮೆಲೇ ನಿಲ್ಲಿಸದೆ, ಕೈ ನಿಲ್ಲುವಷ್ಟೇ ಕುಡಿದಿದ್ದೇನೆ. ಇಷ್ಟು ನಿಜವನ್ನು ಒಟ್ಟಿಗೇ ಯಾರಿಗೂ ಹೇಳಿರಲಿಲ್ಲ. ಹೇಳಿದರೂ ಆಕಾಶ ಬೀಳಲಿಲ್ಲ. ಪಕ್ಕದಲ್ಲಿ ಕೂತ ಅಜ್ಜ ಕಡಲೆ ತಿನ್ನುತ್ತಲೇ ಇದ್ದಾನೆ.

ಯಜಮಾನರಿಗೂ ಹೇಳಿದೆ. "ಗೊತ್ತಿಲ್ವೇನೋ ನನಗೆ? ಎರಡನೇ ಸಾಲು ಬರೆದೂ ಬರೆದೂ ನನ್ನ ಸೊಂಟ ಹೋಯ್ತು. ಹೋಗು, ವಾಸಿಯಾಗಿ ಬಾ" ಎಂದು ಬಸ್ಸಿನವರೆಗೆ ಅವರೇ ಬಂದರು. ಮತ್ತೆ ಕಾಲು ತಿರುಗಬಾರದೆಂದು ಅಂಗಡಿಯಿಲ್ಲದ ಬೀದಿಯಿಂದ ಸುತ್ತಿಸಿಕೊಂಡು ಕರೆತಂದರು.

ನೀನು ಬಟ್ಟೆ ಒಗೆಯುವಲ್ಲಿಗೆ ಹೋಗಬೇಡ. ಬಾಗಿಲಲ್ಲೇ ಇರು. ನನ್ನ ಬಾಯಿ ವಾಸನೆ ಬರುತ್ತದೆ, ಮಾತು ತೊದಲುತ್ತದೆ, ನಿನ್ನನ್ನು ನೋಡಿದರೆ ಅಳು ಬರಬಹುದು. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಎದೆ ಮಾತ್ರ ಮೊದಲ ದಿನ ಶಾಲೆಗೆ ಹೋಗುವ ಹುಡುಗನ ಹಾಗೆ ಹೊಡೆದುಕೊಳ್ಳುತ್ತಿದೆ.

ಬಸ್ಸು ಬಂತು, ಕಂಡಕ್ಟರು ಕೂಗುತ್ತಿದ್ದಾನೆ. ಇದನ್ನು ಇಲ್ಲಿನ ಪೋಸ್ಟ್ ಡಬ್ಬಿಗೆ ಹಾಕಿ ಹತ್ತುತ್ತೇನೆ. ಇದು ನಿನ್ನ ಕೈಗೆ ಸಿಗುವ ಹೊತ್ತಿಗೆ ನಾನು ಬಂದು ಎರಡು ದಿನವಾಗಿರಬೇಕು. ಬಂದಿಲ್ಲದಿದ್ದರೆ ದಾರಿಯಲ್ಲಿ ಎಲ್ಲೋ ಇಳಿದಿದ್ದೇನೆ ಎಂದು ತಿಳಿ. ಆಗ ಹುಡುಕಿಕೊಂಡು ಬಾ ಅಕ್ಕಾ. ಕರೆದರೆ ಓ ಎನ್ನುತ್ತೇನೆ.

ತಮ್ಮ